ಕಚ್ಚುವ ಬೂಟು

ಪೆಡಲ್ಲಿಗೆ ಕಟಕ್ಕನೆ ಸಿಕ್ಕಿಕೊಳ್ಳುವ ಸೈಕಲ್ ರೇಸಿನ ಹೊಸ ಬೂಟು ನಾಲ್ಕು ದಿನದಿಂದ ಸೊಸೆಯ ಕಾಲನ್ನು ಕಚ್ಚುತ್ತಿತ್ತು. ಒದ್ದೆ ಕಾಗದ ತುಂಬಿಟ್ಟು ನೋಡಿದಳು, ಒಳಗೆಲ್ಲ ಕೊಬ್ಬರಿ ಎಣ್ಣೆ ಸವರಿದಳು, ಕಾಲುಚೀಲವನ್ನೂ ತೆಳ್ಳಗಿನದಕ್ಕೆ ಬದಲಿಸಿದಳು. ಆದರೂ ಹತ್ತು ಕಿಲೋಮೀಟರ್ ತುಳಿಯುವಷ್ಟರಲ್ಲಿ ಬೆರಳು ಕೆಂಪಗಾಗುತ್ತಿದ್ದವು. ಮದುವೆಯಾದ ಮೇಲಿನ ಮೊದಲ ರೇಸು ನಾಳೆಯೇ ಇತ್ತು. ಗೆದ್ದವರಿಗೆ ಮಾತ್ರ ರಾಜ್ಯದ ತಂಡದಲ್ಲಿ ಜಾಗ.

ಕಟ್ಟೆಯ ಮೇಲೆ ಕೂತು ಬೂಟು ಜಗ್ಗುತ್ತಿದ್ದವಳನ್ನು ನೋಡಿ ಗಂಡ ನಕ್ಕ. "ಬೂಟಿಂದೇನೂ ತಪ್ಪಿಲ್ಲ ಬಿಡು. ನಮ್ಮನಿ ರೊಟ್ಟಿ ತಿಂದು ನಿನ್ನ ಕಾಲ ದಪ್ಪ ಆಗ್ಯಾವ."

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಎದ್ದು ಬಂದರು. ಬೂಟು ಕಳಚಿಸಿ ಬೆರಳು ಮುಟ್ಟಿ ನೋಡಿದರು.

"ಕಾಲುಂಗುರ ಒತ್ತಾಕತ್ತಾವಲ್ಲವಾ! ಮೊದಲ ಯಾಕ ಹೇಳಲಿಲ್ಲ?"

ಸೊಸೆ ತಲೆ ತಗ್ಗಿಸಿದಳು. "ಹೆಂಗ ತೆಗೀಲಿ ಅತ್ತೀ? ಮಂದಿ ಏನಂದಾರು?"

"ತೆಗೀಬಾರದು," ಎಂದ ಗಂಡ ಥಟ್ಟನೆ. "ಅದರಾಗ ನನ್ನ ಆಯುಷ್ಯ ಐತಿ. ಒಂದು ದಿನಾನೂ ಅವು ಕಾಲ ಬಿಟ್ಟು ಇರಬಾರದು. ಸ್ವಲ್ಪ ಒತ್ತಿದ್ರ ಏನಾತು, ತಡಕೋ."

"ಖರೆ ಐತಿ ಮಗಾ, ಕಾಲ ಬಿಟ್ಟು ಇರಬಾರದು," ಎಂದರು ಅತ್ತೆ. "ಹೋಗಿ ಬಚ್ಚಲದಾಗಿನ ಸಾಬೂನು ತಗೊಂಡು ಬಾ."

ಮರುದಿನ ಸೊಸೆ ಎಲ್ಲರಿಗಿಂತ ಮೊದಲು ಗೆರೆ ದಾಟಿದಾಗ ಗಂಡ ತನ್ನ ಬೂಟುಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಕುಂಟುತ್ತ ಓಡಿ ಬಂದ. ಅವನ ಎರಡೂ ಕಾಲಲ್ಲಿ ಅವಳ ಕಾಲುಂಗುರಗಳು ಹೊಳೆಯುತ್ತಿದ್ದವು.