ಕೀಲಿ ಕೇಳಿದ ಹುಡುಗ

“ಹುಡುಗನ್ನ ವಿಚಾರಿಸಾಕ ಬಂದೀರೇನ್ರಿ ಅಕ್ಕಾರ?”

ಹಲಗೇರಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಭರಮಣ್ಣ ಕೇಳಿದ. ಸುರೇಖಾ ಕೇಳಿದ್ದು ಇಷ್ಟೇ: ಚನ್ನೇಶ ಅನ್ನುವವರ ಮನೆ ಎಲ್ಲಿ, ಮನುಷ್ಯ ಹೇಗೆ? ಪರಊರಿನ ಹೆಂಗಸು, ಇಸ್ತ್ರಿ ಮಾಡಿದ ಸೀರೆ, ಮದುವೆಯಾಗದ ಹುಡುಗನ ಹೆಸರು. ಭರಮಣ್ಣನಿಗೆ ಇನ್ನೇನು ಬೇಕು? ಹೆಣ್ಣಿನ ಕಡೆಯವರು ಹೇಳದೆ ಕೇಳದೆ ಬಂದು, ಊರಿನ ನಾಲ್ಕು ಮಂದಿಯನ್ನು ಮಾತಾಡಿಸಿ ಹೋಗುವುದು ಈ ಸೀಮೆಯ ಪದ್ಧತಿ. ಸುರೇಖಾ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಿಜ ಹೇಳಹೊರಟರೆ ಚಹಾ ಆರಿ ತಣ್ಣಗಾಗುತ್ತಿತ್ತು.

ನಿಜ ಹೀಗಿತ್ತು. ಹಾವೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಸುರೇಖಾ, ‘ಗಂಟು’ ಎಂಬ ಸಾಫ್ಟ್‌ವೇರ್ ಬರೆದಿದ್ದಳು. ದೊಡ್ಡ ಫೋಟೋವನ್ನು ಅಂದಗೆಡದಂತೆ ಸಣ್ಣದಾಗಿ ಕಟ್ಟಿಕೊಡುವುದು ಅದರ ಕೆಲಸ. ಪುಕ್ಕಟೆಯದು, ಒಳಗಿನ ಬರಹವೆಲ್ಲ ಬಟ್ಟಬಯಲು, ಯಾರು ಬೇಕಾದರೂ ಬಳಸಬಹುದು, ತಿದ್ದಿ ಕಳಿಸಬಹುದು. ಎಷ್ಟೋ ಆಪ್‌ಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವು. ಬ್ಯಾಡಗಿಯ ವ್ಯಾಪಾರಿ ತೆಗೆದ ಮೆಣಸಿನಕಾಯಿಯ ಫೋಟೋ, ಒಂದು ಸುಕ್ಕೂ ಅಳಿಯದೆ ಮುಂಬೈಗೆ ಮುಟ್ಟುತ್ತಿದ್ದರೆ ಅದು ಗಂಟಿನ ಪುಣ್ಯ.

ಆ ಗಂಟಿಗೆ ಒಂದು ತೂತು ಬಿದ್ದಿತ್ತು. ಕಿಡಿಗೇಡಿಯೊಬ್ಬ ಬೇಕಂತಲೇ ಕೆಡಿಸಿದ ಫೋಟೋ ಕಳಿಸಿದರೆ, ತೆರೆದವರ ಫೋನಿನೊಳಗೆ ಕಳ್ಳ ನುಗ್ಗಬಹುದು. ತೂತು ಕಂಡುಹಿಡಿದು ತೇಪೆ ಕಳಿಸಿದವನೇ ಈ ಚನ್ನೇಶ. ಕೊಸರಿಗೆ ಗಂಟಿನ ವೇಗವನ್ನೂ ಹೆಚ್ಚಿಸಿಕೊಟ್ಟಿದ್ದ. ಆಮೇಲೆ ನಯವಾಗಿ ಬರೆದ: “ಮೇಡಂ, ನಿಮಗ ಕಾಲೇಜಿನ ಕೆಲಸಾನ ಹಾಸಿ ಹೊದಿಯೂವಷ್ಟು ಐತಿ. ಹೊಸ ಆವೃತ್ತಿ ಬಿಡೂ ಕೀಲಿ ನನಗ ಕೊಡ್ರಿ, ನಾ ನೋಡಿಕೋತೇನಿ.”

ಕೀಲಿ ಎಂದರೆ ಒಂದು ಗುಪ್ತ ಸಂಕೇತ. ಅದು ಯಾರ ಕೈಯಲ್ಲಿದೆಯೋ ಅವರು ಬಿಟ್ಟದ್ದನ್ನು ಲಕ್ಷಾಂತರ ಫೋನುಗಳು ಕಣ್ಣುಮುಚ್ಚಿ ನುಂಗುತ್ತವೆ. ಇಂಥ ಸಿಹಿಮಾತಿನ ಸಹಾಯಕರು ಕೀಲಿ ಇಸಕೊಂಡು ಕಳ್ಳಬಾಗಿಲು ಇಟ್ಟ ಸುದ್ದಿಯನ್ನು ಸುರೇಖಾ ಓದಿದ್ದಳು. ಹಾಗಂತ ಒಬ್ಬಳೇ ಎಷ್ಟು ದಿನ ಹೊರುವುದು? ಕೊಡಲು ಮನಸ್ಸಿತ್ತು, ಧೈರ್ಯವಿರಲಿಲ್ಲ. ಅವನ ಮುಖ ಕಂಡವಳಲ್ಲ. ಊರು ಹಲಗೇರಿ ಎಂದು ಅವನೇ ಬರೆದದ್ದಷ್ಟೇ ಗೊತ್ತು. ಮನುಷ್ಯನ ಗುಣ ಅಳೆಯುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ. ಅಜ್ಜಿಯ ಕಾಲದ ಉಪಾಯವೇ ಗಟ್ಟಿ ಎಂದು ಬಸ್ ಹತ್ತಿದ್ದಳು.

“ಬಂಗಾರದಂಥಾ ಹುಡುಗ್ರಿ,” ಭರಮಣ್ಣ ಶುರು ಮಾಡಿದ. “ಬಾಯಾಗ ಒಂದು ಅಡಕಿ ಚೂರು ಸೈತ ಹಾಕೂದಿಲ್ಲ.”

ಬೆಂಚಿನ ಮೇಲಿದ್ದ ಶೇಖಪ್ಪ ಹಿಂದೆ ಬೀಳಲಿಲ್ಲ. “ಸಿಟ್ಟಂದ್ರ ಏನಂತ ಗೊತ್ತಿಲ್ರಿ ಅವಂಗ. ಇರುವಿ ಕಡದ್ರ ಇರುವೀನ್ನ ಕ್ಷಮಾ ಕೇಳತಾನ.”

ಚಹಾದ ದುಡ್ಡನ್ನೂ ಭರಮಣ್ಣ ಮುಟ್ಟಲಿಲ್ಲ. ಬೀಗರಾಗುವವರ ಹತ್ತಿರ ಯಾರಾದರೂ ದುಡ್ಡು ತಗೊಳ್ಳುತ್ತಾರೆಯೇ? ಸುರೇಖಾಗೆ ತನ್ನ ತಪ್ಪು ಆಗ ಹೊಳೆಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ನಾಡಿನಲ್ಲಿ, ವರನ ಬಗ್ಗೆ ಕೇಳಿದರೆ ಊರು ಬೇರೆ ಏನು ಹೇಳೀತು? ಚನ್ನೇಶ ಕಳ್ಳನಾಗಿದ್ದರೂ ‘ರಾತ್ರಿ ಸೈತ ದುಡಿಯೂ ಹುಡುಗ’ ಅನ್ನುತ್ತಿದ್ದರು. ತನಗೆ ತಾನೇ ನಕ್ಕು, ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದಳು.

ಹಿಟ್ಟಿನ ಗಿರಣಿಯ ಹತ್ತಿರ ಒಬ್ಬಳು ಅವಳನ್ನು ತಡೆದಳು. ಹೆಸರು ಕಾವೇರಿ, ಗಿರಣಿ ಅವರ ಮನೆಯದೇ. ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು.

“ಚನ್ನೇಶನ್ನ ವಿಚಾರಿಸಾಕ ಬಂದೀರಂತಲ್ಲ. ಖರೇ ಹೇಳಲೇನ್ರಿ?”

“ಖರೇನ ಬೇಕಾಗೇತಿ ನೋಡವಾ,” ಅಂದಳು ಸುರೇಖಾ.

“ಹಟಮಾರಿ. ಕಂಪ್ಯೂಟರ್ ಮುಂದ ಕುಂತ್ರ ಎದುರಿಗೆ ಬಂದು ನಿಂತವರೂ ಕಾಣೂದಿಲ್ಲ. ಬ್ಯಾಡಗಿಗೆ ಬರತೇನಿ ಅಂತಾನ, ಬಸ್ ಬಂದು ಹೋದ್ರೂ ಪತ್ತೇನ ಇರೂದಿಲ್ಲ. ಮಾತಿಗೆ ನಿಲ್ಲೂ ಮನುಷ್ಯಾನ ಅಲ್ರಿ.”

“ಮತ್ತ?”

ಕಾವೇರಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಯಾವುದೋ ಕೀಲಿ ಕೈಗೆ ಬರಬೇಕಂತ. ‘ಅದೊಂದು ಬರಲಿ, ಆಮ್ಯಾಲ ನೋಡು ಏನ್ ಮಾಡತೇನಿ’ ಅಂತ ಕುಣ್ಯಾಕತ್ತಾನ. ಏನ್ ಮಾಡತಾನೋ ಆ ದೇವರಿಗೇ ಗೊತ್ತು. ಬ್ಯಾಡ್ರಿ ಅಕ್ಕಾರ. ನೀವು ಬ್ಯಾರೆ ಎಲ್ಲ್ಯಾರ ನೋಡಿಕೊಳ್ರಿ.”

ಆ ಕೀಲಿ ಯಾವುದೆಂದು ಸುರೇಖಾಗೆ ಗೊತ್ತಿತ್ತು. ಅವಳ ಕಸುಬಿನಲ್ಲಿ ಹೊಗಳುವವರಿಂದ ಮೂರು ಕಾಸಿನ ಉಪಯೋಗವಿಲ್ಲ, ತೂತು ತೋರಿಸುವವರೇ ನೆಂಟರು. ಇಡೀ ಊರಲ್ಲಿ ನಿಸ್ವಾರ್ಥವಾಗಿ ಬಾಯಿಬಿಟ್ಟವಳು ಇವಳೊಬ್ಬಳೇ ಅನ್ನಿಸಿ, ಅವಳ ಕೈ ಹಿಡಿದುಕೊಂಡಳು. “ನಿನ್ನ ಉಪಕಾರ ಮರೆಯೂದಿಲ್ಲವಾ.”

ಕಾವೇರಿ ಹಿಟ್ಟು ಮೆತ್ತಿದ ಮುಖದಲ್ಲೇ ನಕ್ಕಳು. “ನಂದೇನೈತ್ರಿ ಇದರಾಗ.”

ಹಾವೇರಿಗೆ ಮರಳಿದವಳೇ ಸುರೇಖಾ ಚನ್ನೇಶನ ತೇಪೆಯನ್ನು ಸಾಲುಸಾಲಾಗಿ ಕೆದಕಿದಳು. ಎಲ್ಲಿಯೂ ಹುಳುಕು ಸಿಗಲಿಲ್ಲ. ಕಳ್ಳನೂ ಮೊದಲು ನಂಬಿಕೆಯನ್ನೇ ಗಳಿಸುವುದು ಎಂದು ಸಂಶಯ ಇನ್ನಷ್ಟು ಬಲವಾಯಿತು. ತೇಪೆ ಹಾಕಿದ, ವೇಗ ಹೆಚ್ಚಿದ ಹೊಸ ಆವೃತ್ತಿಯನ್ನು ತಾನೇ ಬಿಡುಗಡೆ ಮಾಡಿ, ಅವನಿಗೆ ಎರಡು ಸಾಲು ಬರೆದಳು: ಸಹಾಯಕ್ಕೆ ಧನ್ಯವಾದ, ಕೀಲಿ ಕೊಡಲಾಗುವುದಿಲ್ಲ.

ಉತ್ತರ ಬರಲು ವಾರ ಹಿಡಿಯಿತು.

“ಬ್ಯಾಸರಿಲ್ರಿ ಮೇಡಂ. ಗುರುತಿಲ್ಲದವರಿಗೆ ಕೀಲಿ ಕೊಡಬಾರದು, ನೀವು ಮಾಡಿದ್ದ ಬರೋಬರಿ. ಕೀಲಿ ಸಿಕ್ರ ಅದನ್ನ ತೋರಿಸಿ ಒಂದು ನೌಕರಿ ಹಿಡದು, ಆಮ್ಯಾಲ ಮದುವಿ ಮಾತು ಎತ್ತಬೇಕು ಅಂತಿದ್ದೆ. ಈಗ ಮದುವೀನ ಮೊದಲಾತು. ಮೊನ್ನೆ ಭಾಳ ಗಡಬಡಿಯೊಳಗ ನಿಶ್ಚಯ ಮುಗೀತು. ಆ ಫೋಟೋನ ಹೊಸ ಗಂಟಿನ್ಯಾಗ ಕಟ್ಟಿ ಕಳಿಸೇನಿ. ಎಲ್ಲ್ಯಾರ ಕಲೆ ಬಿದ್ದೈತೇನು ನೋಡಿ ಹೇಳ್ರಿ.”

ಎಂಥ ದೊಡ್ಡ ಮನಸ್ಸಿನ ಹುಡುಗ, ಸುಮ್ಮನೆ ಸಂಶಯಪಟ್ಟೆ ಅಂದುಕೊಂಡಳು ಸುರೇಖಾ. ಕನ್ನಡಕ ಏರಿಸಿಕೊಂಡು ಫೋಟೋ ಒತ್ತಿದಳು.

ಅದು ಚಕ್ಕನೆ ತೆರೆದುಕೊಂಡಿತು, ಎಲ್ಲಿಯೂ ಒಂದು ಕಲೆಯಿಲ್ಲ. ಚನ್ನೇಶನ ಮಗ್ಗುಲಲ್ಲಿ ರೇಷ್ಮೆ ಸೀರೆಯುಟ್ಟು, ಬಾಯ್ತುಂಬ ನಗುತ್ತ ನಿಂತಿದ್ದವಳು ಗಿರಣಿಯ ಕಾವೇರಿ.