ಪಟಿಕ ಉರಿದರೆ

ಮಗನ ಎಡಗೆನ್ನೆಯ ತಿರುವಿನಲ್ಲಿ ಕ್ಷೌರದ ಕತ್ತಿ ಜಾರಿತೇ? ಅಪ್ಪನ ಪೊರೆ ಬಂದ ಕಣ್ಣಿಗೆ ನೊರೆಯ ಬಿಳುಪು ಬಿಟ್ಟು ಬೇರೇನೂ ಕಾಣಲಿಲ್ಲ.

“ಗಿರಾಕಿಗಳು ಬೈತಾರಪ್ಪ. ಮೊದಲು ನಂಗೆ ಮಾಡು. ಪಟಿಕ ಉಜ್ಜಿದಾಗ ಉರಿದ್ರೆ ನೀನು ಇವತ್ತೇ ಕತ್ತಿ ಕೆಳಗಿಡಬೇಕು” ಎಂದು ಹಟ ಹಿಡಿದು ಮಗನೇ ಕುರ್ಚಿಯಲ್ಲಿ ಕೂತಿದ್ದ.

ಅಪ್ಪ ಪಟಿಕದ ಕಲ್ಲನ್ನು ನೀರಿಗೆ ಅದ್ದಿ ಮಗನ ಮುಖದ ಮೇಲೆಲ್ಲ ಉಜ್ಜಿದ. ಕೂದಲೆಳೆಯಷ್ಟು ಗೀರಿದ್ದರೂ ಚುರ್ರೆನ್ನಿಸುವ ಕಲ್ಲು ಅದು.

“ಉರೀತೇನೋ?”

“ಇಲ್ಲಪ್ಪ.”

“ನಿಜ ಹೇಳು.”

“ತಣ್ಣಗಿದೆ ಅಂದ್ನಲ್ಲ. ನೀನೇ ಗೆದ್ದೆ, ಬಿಡು.”

ಹಿಂದಿನ ಬೆಂಚಿನಲ್ಲಿ ಕಾಯುತ್ತಿದ್ದ ಹೊನ್ನಪ್ಪ ಪೇಪರ್ ಮಡಚಿದ. “ಪರೀಕ್ಷೆ ಮುಗೀತಾ? ನಲವತ್ತು ವರ್ಷದಿಂದ ಕೂರ್ತಿದೀನಿ, ನಂಗೆ ನಿನ್ ಕೈಯೇ ಆಗ್ಬೇಕು ಕಣಯ್ಯ.”

ಅಪ್ಪ ಕಲ್ಲನ್ನು ಬಿಳಿ ಬಟ್ಟಲಿನಲ್ಲಿ ತೊಳೆದ. ಬಟ್ಟಲನ್ನು ಕಿಟಕಿಯ ಬೆಳಕಿಗೊಯ್ದು, ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ನೀರನ್ನು ಹೊರಗೆ ಚೆಲ್ಲಿ ಬಂದು, ಕತ್ತಿ ಮಡಚಿ ಮಗನ ಕೈಗಿಟ್ಟ.

“ಇನ್ಮೇಲೆ ಹೊನ್ನಪ್ಪಂಗೂ ನೀನೇ ಮಾಡು. ಮಂಡಿ ನೋವು, ನಿಂತ್ಕೊಳ್ಳೋಕಾಗಲ್ಲ.”

ಬಟ್ಟಲಿನ ನೀರು ಕೆಂಪಾಗಿತ್ತು ಎಂದು ಅವನು ಮಗನಿಗೆ ಎಂದೂ ಹೇಳಲಿಲ್ಲ.