ಹೊತ್ತಿಳಿಸಿದ ಬೆನ್ನು

ಬೆನ್ನು, ಮಂಡಿ ಇನ್ನಷ್ಟು ಹದಗೆಟ್ಟಿವೆ, ಪಿಂಚಣಿಗೆ ಲೆಕ್ಕ ಹಿಡಿಯುವ ಅಂಗವೈಕಲ್ಯದ ಪ್ರಮಾಣ ಹೆಚ್ಚಿಸಿ ಎಂದು ಮೇಲ್ಮನವಿ ಹಾಕಿದ್ದ ಮಾಜಿ ಹವಾಲ್ದಾರ ಯಮನಪ್ಪ ಕೋಲೂರಿಕೊಂಡು ವೈದ್ಯಕೀಯ ಮಂಡಳಿಯ ಮುಂದೆ ಬಂದ. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರಾಗಿ ಕೂತಿದ್ದ ತನ್ನ ಹಳೆಯ ಸೇನಾ ಸಾಹೇಬರನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ಗುಂಡು ತಗುಲಿದ್ದ ಅವರನ್ನು ಅಂದು ಹಿಮದ ಬೆಟ್ಟದಿಂದ ಹೊತ್ತಿಳಿಸಿದ್ದು ಇದೇ ಬೆನ್ನು.

“ಯಮನಪ್ಪಾ, ನಿನ್ನ ಮರೆಯೋಕಾಗುತ್ತೇನೋ! ಎಷ್ಟು ಬಗ್ಗಿ ಹೋಗಿದೀಯ!”

“ನೆಟ್ಟಗ ನಿಂದ್ರಾಕ ಆಗವಲ್ದ್ರೀ ಸಾಹೇಬ್ರ. ನೀವ ಏನರ ಮಾಡ್ಬೇಕ್ರಿ.”

“ಮಾಡೋಣ ಬಿಡು,” ಎಂದು ನಕ್ಕ ಸಾಹೇಬರು ಎದ್ದು ನಿಂತು, ಒಮ್ಮೆಲೇ ಗುಡುಗಿದರು: “ಹವಾಲ್ದಾರ್, ಸಾವ್‌ಧಾನ್!”

ಕೋಲು ನೆಲಕ್ಕೆ ಬಿತ್ತು. ಹಿಮ್ಮಡಿಗಳು ಫಟ್ಟನೆ ಕೂಡಿದವು, ಬೆನ್ನು ಸೆಟೆದು ನಿಂತಿತು. ನೋವಿಗೆ ಅವನ ಕಣ್ಣು ತುಂಬಿ ಬಂತು.

ಸಾಹೇಬರು ಪಕ್ಕದ ಡಾಕ್ಟರತ್ತ ತಿರುಗಿದರು. “ನೋಡಿದ್ರಲ್ಲ, ಬೆನ್ನು ನೆಟ್ಟಗಿದೆ. ಮೇಲ್ಮನವಿ ವಜಾ ಅಂತ ಬರೀರಿ.”